ಕೈಯ ಅಳತೆಗೆ ಮಾಡಿಸಿದ ವಾದ್ಯ

ವಸ್ತುವಿಗೆ ಮನುಷ್ಯನು ಒಡೆಯನೋ, ಮನುಷ್ಯನಿಗೆ ವಸ್ತುವೇ ಒಡೆಯನೋ ಎಂಬುದು ತತ್ತ್ವಶಾಸ್ತ್ರದಷ್ಟೇ ಹಳೆಯ ಪ್ರಶ್ನೆ. ಮನೆಯಲ್ಲಿ ಬೆಳೆದ ಮಗನೋ ಮಗಳೋ ಬಂದು, “ನನಗೆ ಅಂಗಡಿಯ ಬೇಸ್ ಗಿಟಾರ್ ಬೇಡ, ನನ್ನ ಕೈಗೆ ಹೊಂದುವಂತೆ ಅಳತೆ ಕೊಟ್ಟು ಮಾಡಿಸಬೇಕು” ಎಂದಾಗ ಈ ಹಳೆಯ ಪ್ರಶ್ನೆ ಹೊಸ ವೇಷದಲ್ಲಿ ಅಂಗಳಕ್ಕೆ ಬರುತ್ತದೆ. ಅಮೆರಿಕದ ಹೆಸರಾಂತ ಕುಶಲಕರ್ಮಿಗಳು ಇಂತಹ ಒಂದು ವಾದ್ಯಕ್ಕೆ ಹಲವು ಸಾವಿರ ಡಾಲರ್ ಕೇಳುತ್ತಾರೆ, ತಿಂಗಳುಗಟ್ಟಲೆ ಕಾಯಿಸುತ್ತಾರೆ. “ನಾಲ್ಕು ತಂತಿಯ ಒಂದು ಮರದ ತುಂಡಿಗೆ ಲಕ್ಷಗಟ್ಟಲೆ ರೂಪಾಯಿಯೇ?” ಎಂದು ತಂದೆ ಹುಬ್ಬೇರಿಸಿದರೆ ಅವರನ್ನು ದೂಷಿಸುವಂತಿಲ್ಲ. ಮಗನನ್ನು ದುಂದುಗಾರನೆಂದು ಕೂಡಲೇ ತೀರ್ಮಾನಿಸುವಂತೆಯೂ ಇಲ್ಲ. ತೀರ್ಪು ಕೊಡುವ ಮೊದಲು ಆ ವಾದ್ಯ ಎಂತಹುದು, ಅದನ್ನು ಪ್ರಾಣದಂತೆ ಕಾಯ್ದವರು ಎಂತಹವರು ಎಂಬುದನ್ನು ತಿಳಿಯುವುದು ಒಳಿತೆಂದು ನಮಗೆ ತೋರುತ್ತದೆ.

ಬೇಸ್ ಗಿಟಾರ್ ಹಾಡಿಗೆ ತಳಪಾಯ ಹಾಕುವ ವಾದ್ಯ. ಸಾಮಾನ್ಯ ಗಿಟಾರಿಗಿಂತ ಒಂದು ಸ್ಥಾಯಿ ಕೆಳಗೆ ಅದರ ನಾದ. ಅದರ ಅತಿ ದಪ್ಪ ತಂತಿಯು ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಕಿವಿಯು ಅದನ್ನು ಪ್ರತ್ಯೇಕವಾಗಿ ಗುರುತಿಸದಿರಬಹುದು. ಆದರೆ ಅದು ನಿಂತೊಡನೆ ಹಾಡು ಬುಡ ಕಳೆದುಕೊಂಡ ಮರದಂತೆ ಓಲಾಡುತ್ತದೆ. ಹಿಂದೆ ಈ ಕೆಲಸವನ್ನು ಆಳೆತ್ತರದ ಡಬಲ್ ಬೇಸ್ ಮಾಡುತ್ತಿತ್ತು. ಅದನ್ನು ಊರಿಂದೂರಿಗೆ ಹೊರುವುದು ಕಷ್ಟ. ದೊಡ್ಡ ಸಭಾಂಗಣದಲ್ಲಿ ಅದರ ದನಿ ಕೇಳಿಸುವುದೂ ಕಷ್ಟ. 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಎಂಬಾತ ‘ಪ್ರಿಸಿಷನ್ ಬೇಸ್’ ಎಂಬ ವಿದ್ಯುತ್ ವಾದ್ಯವನ್ನು ಮಾರುಕಟ್ಟೆಗೆ ತಂದ. ವೀಣೆಗೆ ಮೆಟ್ಟಿಲುಗಳಿರುವಂತೆ ಇದಕ್ಕೂ ಲೋಹದ ಮೆಟ್ಟಿಲುಗಳಿದ್ದವು. ಇವನ್ನೇ ಫ್ರೆಟ್ ಎನ್ನುತ್ತಾರೆ. ಬೆರಳು ಸ್ವಲ್ಪ ಅತ್ತಿತ್ತಾದರೂ ಸ್ವರ ತಪ್ಪುತ್ತಿರಲಿಲ್ಲ. ತಂತಿಯ ಕೆಳಗಿನ ಆಯಸ್ಕಾಂತ ಮತ್ತು ತಾಮ್ರದ ಸುರುಳಿ ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತಿದ್ದವು. ಒಡಲಿಗೆ ದಂಡಿಯನ್ನು ತಿರುಪುಮೊಳೆಯಿಂದ ಬಿಗಿದಿದ್ದರಿಂದ ಕಾರ್ಖಾನೆಯಲ್ಲಿ ಬೇಗ ತಯಾರಿಸಬಹುದಿತ್ತು. ಮೀಟುವ ತಂತಿಯ ಉದ್ದ 34 ಅಂಗುಲ. ಆ ಅಳತೆಯೇ ಇಂದಿಗೂ ಹೆಚ್ಚಿನ ತಯಾರಕರ ಕಟ್ಟಳೆಯಾಗಿದೆ.

ಕಾರ್ಖಾನೆಯ ಗುಣವೂ ಅದೇ, ಮಿತಿಯೂ ಅದೇ. ಎಲ್ಲರಿಗೂ ಒಂದೇ ಅಳತೆ. ಮನುಷ್ಯರ ಕೈಗಳು ಮಾತ್ರ ಒಂದೇ ಅಳತೆಯವಲ್ಲ. ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ಕೈಯನ್ನು ಉಪಕರಣಗಳ ಉಪಕರಣವೆಂದು ಕರೆದಿದ್ದಾನೆ. ಬೇರೆಲ್ಲ ಉಪಕರಣಗಳಿಗೆ ಅರ್ಥ ಬರುವುದು ಕೈಯಿಂದಲೇ. ಹಾಗಿರುವಾಗ ಕೈಯೇ ವಾದ್ಯಕ್ಕೆ ಒಗ್ಗಿಕೊಳ್ಳಬೇಕೇ, ವಾದ್ಯ ಕೈಗೆ ಒಗ್ಗಬಾರದೇ? ಅಳತೆ ಕೊಟ್ಟು ಮಾಡಿಸುವವರ ಮೂಲ ಪ್ರಶ್ನೆ ಇದು.

ಈ ಪ್ರಶ್ನೆಗೆ ಮೊದಲು ಉತ್ತರ ಹುಡುಕಿದವರಲ್ಲಿ 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಅಲೆಂಬಿಕ್ ಸಂಸ್ಥೆ ಮುಖ್ಯವಾದುದು. ಅವರು ದಂಡಿಯನ್ನು ತಿರುಪುಮೊಳೆಯಿಂದ ಬಿಗಿಯದೆ, ಗಟ್ಟಿಮರದ ಪಟ್ಟಿಗಳನ್ನು ಅಂಟಿಸಿ, ತಲೆಯಿಂದ ಬುಡದವರೆಗೆ ಒಂದೇ ದಂಡಿಯಾಗಿಸಿದರು. ಒಡಲಿನ ಎರಡು ಹೋಳುಗಳನ್ನು ಅದರ ಇಕ್ಕೆಲದಲ್ಲಿ ಜೋಡಿಸಿದರು. ನಾದವನ್ನು ತಿದ್ದುವ ವಿದ್ಯುತ್ ಮಂಡಲವನ್ನು ವಾದ್ಯದೊಳಗೇ ಇರಿಸಿದರು. 1972ರಲ್ಲಿ ಜಾಕ್ ಕಸಾಡಿ ಎಂಬ ವಾದಕನಿಗಾಗಿ ಇಂತಹ ಬೇಸನ್ನು ಮಾಡಿಕೊಟ್ಟರು. ಮುಂದೆ ಸ್ಟ್ಯಾನ್ಲಿ ಕ್ಲಾರ್ಕ್ ಅಲೆಂಬಿಕ್ಕಿನ ಪ್ರಸಿದ್ಧ ಒಡೆಯನಾದ. ಆತನ ನುಡಿಸಾಣಿಕೆಯನ್ನು ಕೇಳಿದ ಅಲೆಂಬಿಕ್ಕಿನ ರಿಕ್ ಟರ್ನರ್, ವಾದನ ಚೆನ್ನಾಗಿದೆ, ವಾದ್ಯದ ನಾದ ಮಾತ್ರ ಚೆನ್ನಾಗಿಲ್ಲವೆಂದು ನೇರವಾಗಿ ಹೇಳಿ, ತಮ್ಮ ವಾದ್ಯವನ್ನು ಕೈಗಿತ್ತನೆಂದು ಪ್ರಸಿದ್ಧವಾಗಿದೆ. ಹೊಗಳಿಕೆಯ ನಡುವೆ ಇಂತಹ ಸತ್ಯವನ್ನು ಹೇಳುವ ಸ್ನೇಹಿತರು ನಮ್ಮಲ್ಲಿ ಎಷ್ಟು ಮಂದಿಗಿದ್ದಾರೆ?

ಆದರೂ ಈ ಸಾಲಿನಲ್ಲಿ ನಮ್ಮ ಮನಸ್ಸನ್ನು ಅತಿಯಾಗಿ ಸೆಳೆದವರು ನ್ಯೂಯಾರ್ಕಿನ ಆಂಟನಿ ಜಾಕ್ಸನ್. ಬೇಸ್ ಗಿಟಾರಿಗೆ ನಾಲ್ಕೇ ತಂತಿ ಏಕೆ ಎಂಬ ಸಂಶಯ ಅವರಿಗೆ ಯೌವನದಲ್ಲೇ ಬಂತು. ಗಿಟಾರ್ ಕುಟುಂಬದ ವಾದ್ಯವಾದರೆ ಅದಕ್ಕೂ ಆರು ತಂತಿಗಳಿರಬೇಕು. ಫೆಂಡರನು ನಾಲ್ಕನ್ನು ಇರಿಸಿದ್ದು ಡಬಲ್ ಬೇಸಿನ ರೂಢಿಯಿಂದ ಮಾತ್ರ ಎಂಬುದು ಅವರ ತರ್ಕ. 1975ರಲ್ಲಿ ಕಾರ್ಲ್ ಥಾಂಪ್ಸನ್ ಎಂಬ ಕುಶಲಕರ್ಮಿ ಅವರಿಗಾಗಿ ಆರು ತಂತಿಯ ಬೇಸನ್ನು ಮಾಡಿಕೊಟ್ಟ. ಹಳೆಯ ನಾಲ್ಕು ತಂತಿಗಳಿಗೆ ಕೆಳಗೊಂದು, ಮೇಲೊಂದು ಸೇರಿದವು. ಅತಿ ಕೆಳಗಿನ ಸ್ವರ ಸೆಕೆಂಡಿಗೆ ಸುಮಾರು 31 ಕಂಪನಗಳಿಗೆ ಇಳಿಯಿತು. ಜಾಕ್ಸನ್ ಅದನ್ನು ‘ಕಾಂಟ್ರಾಬೇಸ್ ಗಿಟಾರ್’ ಎಂದು ಕರೆದರು.

ಆ ಮೊದಲ ವಾದ್ಯದಿಂದ ಅವರಿಗೆ ತೃಪ್ತಿಯಾಗಲಿಲ್ಲ. ತಂತಿಗಳ ನಡುವಣ ಅಂತರ ಅವರ ಬೆರಳಿಗೆ ಸಾಲಲಿಲ್ಲ. ಮತ್ತೊಬ್ಬ ಕುಶಲಕರ್ಮಿ ಕೆನ್ ಸ್ಮಿತ್ ಬಳಿ ಮಾಡಿಸಿದರು. ಆ ಬಳಿಕ ವಿನ್ನಿ ಫೊಡೆರಾ, ಜೋಯಿ ಲಾರಿಸೆಲ್ಲಾ ಇಬ್ಬರೂ 1983ರಲ್ಲಿ ಬ್ರೂಕ್ಲಿನ್ನಿನಲ್ಲಿ ತೆರೆದ ಫೊಡೆರಾ ಕಾರ್ಯಾಗಾರದೊಂದಿಗೆ ದಶಕಗಳ ಕಾಲ ದುಡಿದರು. ಒಂದೊಂದು ವಾದ್ಯವನ್ನೂ ನುಡಿಸಿ, ಕೊರತೆಯನ್ನು ಗುರುತಿಸಿ, ಮುಂದಿನದರಲ್ಲಿ ತಿದ್ದಿಸಿದರು. ತಂತಿಯ ಉದ್ದ 36 ಅಂಗುಲಕ್ಕೆ ಏರಿತು. ದಂಡಿಯು ಒಡಲಿಗೆ ಸೇರುವ ಜಾಗ ಗಟ್ಟಿಯಾಗಲೆಂದು ಒಡಲಿನ ಒಂದು ಕಡೆಯ ತಗ್ಗನ್ನೇ ತೆಗೆಸಿದರು. ಅಂದು ವಿಚಿತ್ರವೆನಿಸಿದ ಆರು ತಂತಿಯ ಬೇಸ್ ಇಂದು ಸಾಮಾನ್ಯ ಅಂಗಡಿಯಲ್ಲೂ ಸಿಗುತ್ತದೆ. ಜಾಕ್ಸನ್ 2025ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅವರೊಬ್ಬರ ಹಠವೆಂದು ಕಂಡದ್ದು ಎಲ್ಲ ವಾದಕರ ಸೊತ್ತಾಗಿ ಉಳಿಯಿತು. ಅಳತೆ ಕೊಟ್ಟು ಮಾಡಿಸುವುದು ಕೇವಲ ಶೋಕಿಯೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ?

ಹಾಗೆಂದು ದುಡ್ಡು ಕೊಟ್ಟು ಮಾಡಿಸಿದ್ದೆಲ್ಲ ನಮ್ಮದಾಗುವುದಿಲ್ಲ; ಅಂಗಡಿಯಿಂದ ತಂದದ್ದೆಲ್ಲ ಪರಕೀಯವಾಗಿ ಉಳಿಯುವುದೂ ಇಲ್ಲ. ಡೆಟ್ರಾಯಿಟ್ ನಗರದ ಮೋಟೌನ್ ಸಂಸ್ಥೆಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ನನ ಕೈಯಲ್ಲಿದ್ದುದು ಕಾರ್ಖಾನೆಯಲ್ಲಿ ತಯಾರಾದ 1962ರ ಪ್ರಿಸಿಷನ್ ಬೇಸ್. ತಂತಿ ತುಂಡಾಗದ ಹೊರತು ಆತ ಅದನ್ನು ಬದಲಿಸುತ್ತಿರಲಿಲ್ಲ. ಬಲಗೈಯ ಒಂದೇ ತೋರುಬೆರಳಿನಿಂದ ಮೀಟುತ್ತಿದ್ದ. ಹಳೆಯ ತಂತಿಯ ಮಬ್ಬು ನಾದವೂ ಆ ಒಂದು ಬೆರಳೂ ಸೇರಿ ಒಂದು ಪೀಳಿಗೆಯ ಸಂಗೀತದ ಗುರುತಾಯಿತು. 1983ರಲ್ಲಿ ಆತ ತೀರಿಕೊಳ್ಳುವ ಕೆಲವೇ ದಿನಗಳ ಮೊದಲು ಆ ವಾದ್ಯ ಕಳವಾಯಿತು. ಅದೇ ವರ್ಷ ಅದೇ ಕಾರ್ಖಾನೆಯಿಂದ ಹೊರಬಂದ ಬೇರೆ ವಾದ್ಯಗಳು ಇಂದಿಗೂ ಮಾರಾಟಕ್ಕೆ ಸಿಗುತ್ತವೆ; ಅವುಗಳಲ್ಲಿ ಯಾವುದೂ ಜೇಮರ್ಸನ್ನನದಲ್ಲ. ಅಳತೆ ಎಂಬುದು ಆರಂಭದಲ್ಲೇ ಬರೆದುಕೊಡುವ ಚೀಟಿಯಿಂದ ಬರಬಹುದು. ಇಪ್ಪತ್ತು ವರ್ಷಗಳ ಸಹವಾಸದಿಂದಲೂ ಬರಬಹುದು.

ಇನ್ನೊಬ್ಬ ವಾದಕ ಜ್ಯಾಕೊ ಪಾಸ್ಟೋರಿಯಸನ ಕತೆ ಈ ಎರಡರ ನಡುವಿನದು. ಆತನದೂ 1962ರ ಕಾರ್ಖಾನೆಯ ವಾದ್ಯವೇ. ಫೆಂಡರನ ‘ಜ್ಯಾಝ್ ಬೇಸ್’. ಅದರ ಫ್ರೆಟ್ಟುಗಳನ್ನು ಕಿತ್ತು, ಬಿರುಕುಗಳಿಗೆ ಮೆತ್ತಿ, ದೋಣಿಗಳಿಗೆ ಬಳಿಯುವ ಗಟ್ಟಿ ಎಪಾಕ್ಸಿಯನ್ನು ಬೆರಳೂರುವ ಹಲಗೆಯ ಮೇಲೆ ಬಳಿಯಲಾಯಿತು. ಮೆಟ್ಟಿಲುಗಳಿಲ್ಲದ ಆ ನುಣುಪಾದ ಹಲಗೆಯಿಂದ ಮನುಷ್ಯಕಂಠದಂತೆ ಜಾರುವ ನಾದ ಹೊರಟಿತು. ಮುಂದೆ ಮನೋರೋಗ ಮತ್ತು ವ್ಯಸನಗಳ ದಿನಗಳಲ್ಲಿ ಆ ವಾದ್ಯ ಒಡೆದು ಚೂರುಚೂರಾಯಿತು. ಇಬ್ಬರು ಕುಶಲಕರ್ಮಿಗಳು ಚೂರುಗಳನ್ನು ಕೂಡಿಸಿ ಅಂಟಿಸಿ ಮತ್ತೆ ನುಡಿಯುವಂತೆ ಮಾಡಿದರು. 1986ರಲ್ಲಿ ನ್ಯೂಯಾರ್ಕಿನ ಒಂದು ಉದ್ಯಾನದಲ್ಲಿ ಅದು ಕಳವಾಯಿತು. ಮರುವರ್ಷ, 35 ತುಂಬಿದ ಪಾಸ್ಟೋರಿಯಸ್ ತೀರಿಕೊಂಡ. ಸುಮಾರು ಎರಡು ದಶಕಗಳ ನಂತರ ಅದೇ ನಗರದ ಅಂಗಡಿಯೊಂದರಲ್ಲಿ ವಾದ್ಯ ಕಾಣಿಸಿಕೊಂಡಿತು. ಒಡೆತನದ ವಿವಾದ ನಡೆಯಿತು. ಕೊನೆಗೆ ಮೆಟಾಲಿಕಾ ತಂಡದ ಬೇಸ್ ವಾದಕ ರಾಬರ್ಟ್ ಟ್ರುಹಿಯೋ ಹಣ ತೆತ್ತು ಅದನ್ನು ಬಿಡಿಸಿ, ಪಾಸ್ಟೋರಿಯಸನ ಕುಟುಂಬಕ್ಕೆ ಅದು ದೂರವಾಗದಂತೆ ನೋಡಿಕೊಂಡರು.

ಇಲ್ಲಿ ನಮಗೆ ಥೀಸಿಯಸನ ಹಡಗಿನ ನೆನಪಾಗುತ್ತದೆ. ಕೊಳೆತ ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತ ಹೋದರೆ ಅದು ಅದೇ ಹಡಗಾಗಿ ಉಳಿಯುವುದೇ ಎಂದು ತತ್ತ್ವಜ್ಞಾನಿಗಳು ವಾದಿಸುತ್ತಿದ್ದರೆಂದು ಪ್ಲುಟಾರ್ಕ್ ಬರೆದಿದ್ದಾನೆ. ಅಂಟು, ತೇಪೆಗಳಿಂದ ಕೂಡಿದ ಈ ಬೇಸ್ ಅದೇ ಬೇಸ್ ಹೌದೇ? ಕುಟುಂಬದವರಿಗೆ ಆ ಬಗ್ಗೆ ಸಂಶಯವಿರಲಿಲ್ಲ. ವಾದ್ಯದ ಗುರುತು ಮರದ ಕಣಗಳಲ್ಲಿ ಮಾತ್ರ ಇರುವುದಾದರೆ ಅದನ್ನು ಹುಡುಕುವ ಅಗತ್ಯವೇ ಇರಲಿಲ್ಲ. ಅಂತಹುದೇ ಇನ್ನೊಂದನ್ನು ಕೊಳ್ಳಬಹುದಿತ್ತು. ಗುರುತು ಇರುವುದು ಅದನ್ನು ನುಡಿಸಿದ ಕೈ, ಒಡೆದ ದಿನ, ಕೂಡಿಸಿದ ತಾಳ್ಮೆ ಇವೆಲ್ಲ ಸೇರಿದ ಚರಿತ್ರೆಯಲ್ಲಿ. ಅಜ್ಜಿಯ ಸವೆದ ಜಪಸರವನ್ನು ಹೊಸತಕ್ಕೆ ಬದಲಾಯಿಸಿಕೊಳ್ಳಲು ಒಪ್ಪದ ಮನೆಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಾಗಿದ್ದರೆ ಎಷ್ಟಾದರೂ ವಾದ್ಯಗಳನ್ನು ಕೂಡಿಡಬಹುದೇ? ‘ದಿ ಹೂ’ ತಂಡದ ಜಾನ್ ಎಂಟ್ವಿಸಲ್ ಬಹುದೊಡ್ಡ ಸಂಗ್ರಹಕಾರ. 2002ರಲ್ಲಿ ಆತ ತೀರಿಕೊಂಡ ಮರುವರ್ಷವೇ ಲಂಡನ್ನಿನ ಸಾದಬೀಸ್ ಹರಾಜಿನಲ್ಲಿ ಆ ಸಂಗ್ರಹ ಹಂಚಿಹೋಯಿತು. ಆ ಹರಾಜಿಗೆ ಬಂದವುಗಳಲ್ಲಿ ‘ಫ್ರಾಂಕೆನ್‌ಸ್ಟೈನ್’ ಎಂದು ಆತ ಹೆಸರಿಟ್ಟ ಬೇಸೂ ಒಂದು. ಒಡೆದುಹೋದ ಐದು ಬೇಸುಗಳ ಉಳಿದ ಭಾಗಗಳನ್ನು ಕೂಡಿಸಿ ಆತನೇ ಕಟ್ಟಿದ್ದು. ನೂರಾರು ವಾದ್ಯಗಳನ್ನು ಕೊಳ್ಳಬಲ್ಲವನೂ ತನ್ನ ಕೈಯಾರೆ ಬೆಸೆದ ಒಂದಕ್ಕೆ ಹೆಸರಿಟ್ಟು ಕರೆದನೆಂಬುದು ಗಮನಾರ್ಹ. ಇತ್ತ ವಿಕ್ಟರ್ ವೂಟನ್ ಹರೆಯದಲ್ಲಿ, 1983ರಲ್ಲಿ ಕೊಂಡ ಫೊಡೆರಾ ‘ಮೊನಾರ್ಕ್’ ಬೇಸನ್ನು ದಶಕಗಳ ಕಾಲ ನುಡಿಸುತ್ತ ಬಂದಿದ್ದಾರೆ. ಕೂಡಿಡುವುದಕ್ಕೂ ಕಾಪಾಡುವುದಕ್ಕೂ ಇರುವ ಅಂತರ ಈ ಎರಡು ಉದಾಹರಣೆಗಳಲ್ಲಿ ಕಾಣುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಮೌನವಾಗಿರುವ ವಾದ್ಯಕ್ಕೆ ಒಡೆಯನಿರಬಹುದು, ಸಂಗಾತಿ ಇರುವುದಿಲ್ಲ.

ಈ ಮಾತಿಗೆ ನಮ್ಮ ನಾಡಿನ ನಂಟೂ ಇದೆ. ಬೇಸ್ ಗಿಟಾರಿನ ಬೆರಳೂರುವ ಹಲಗೆಗೆ ಬಹುಕಾಲದಿಂದ ಮೆಚ್ಚುಗೆ ಪಡೆದ ಮರಗಳಲ್ಲಿ ಪಶ್ಚಿಮಘಟ್ಟದ ಬೀಟೆಯೂ ಒಂದು. ಬ್ರೆಜಿಲ್ಲಿನ ಅದೇ ಜಾತಿಯ ಮರದ ವ್ಯಾಪಾರವನ್ನು ಸೈಟ್ಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದವು 1992ರಲ್ಲಿ ಬಿಗಿಯಾಗಿ ತಡೆಯಿತು. 2017ರ ಜನವರಿಯಿಂದ ನಮ್ಮ ಬೀಟೆಯೂ ಸೇರಿದಂತೆ ಆ ಕುಲದ ಎಲ್ಲ ಮರಗಳೂ ಅದರ ನಿಯಂತ್ರಣಕ್ಕೆ ಒಳಪಟ್ಟವು. ಸಿದ್ಧವಾದ ವಾದ್ಯವನ್ನು ಹೊರದೇಶಕ್ಕೆ ಮಾರಲೂ ಪರವಾನಗಿ ಬೇಕಾಯಿತು. ವಾದ್ಯ ತಯಾರಕರ ಮೊರೆಯ ಬಳಿಕ 2019ರ ನವೆಂಬರ್‌ನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಅಂದಕ್ಕಾಗಿ ಅಪರೂಪದ ಮರವನ್ನೇ ಕೇಳುವ ಗ್ರಾಹಕನು ಒಂದು ವಿಷಯವನ್ನು ಮರೆಯಬಾರದು. ಬೀಟೆ ನಿಧಾನವಾಗಿ ಬೆಳೆಯುವ ಮರ. ಅದು ಬಲಿಯುವ ಹೊತ್ತಿಗೆ ಮನುಷ್ಯರ ಒಂದೆರಡು ತಲೆಮಾರು ಕಳೆದಿರುತ್ತದೆ. ಅಂತಹ ಮರದಿಂದ ಮಾಡಿದ ವಾದ್ಯ ನಾಲ್ಕು ವರ್ಷಗಳಲ್ಲಿ ಬೇಸರಕ್ಕೆ ಬಿದ್ದು ಮೂಲೆ ಸೇರಿದರೆ ಅದು ಹಣದ ದುಂದಿಗಿಂತ ದೊಡ್ಡ ದುಂದು.

ಇನ್ನು ಮೊದಲಿನ ಮನೆಗೆ, ಆ ತಂದೆ ಮಗನ ಬಳಿಗೆ ಮರಳೋಣ. ಮಗನಿಗೆ ನಾವು ಹೇಳುವುದಿಷ್ಟು: ಮೊದಲು ಸಾಧಾರಣ ಬೆಲೆಯ ಒಂದು ಬೇಸನ್ನು ತೆಗೆದುಕೊ. ಕೆಲವು ವರ್ಷ ನಿಷ್ಠೆಯಿಂದ ನುಡಿಸು. ದಂಡಿ ದಪ್ಪವೇ, ತೆಳುವೇ, ತಂತಿಯ ಅಂತರ ಎಷ್ಟಿರಬೇಕು, ಹೆಗಲಿಗೆ ಎಷ್ಟು ಭಾರ ತಾಳೀತು ಎಂಬುದನ್ನು ನಿನ್ನ ಕೈಯೇ ನಿನಗೆ ಕಲಿಸಲಿ. ಜಾಕ್ಸನ್ ಆರು ತಂತಿ ಕೇಳಿದ್ದು ನಾಲ್ಕು ತಂತಿಯನ್ನು ಚೆನ್ನಾಗಿ ಬಲ್ಲವರಾದುದರಿಂದ. ಅಳತೆ ತಿಳಿಯದವನು ಅಳತೆ ಕೊಡಲಾರ. ಅಂತಹವನು ಹೆಸರಿಗೂ ಹೊಳಪಿಗೂ ಹಣ ತೆರುತ್ತಾನೆ. ತಂದೆಗೆ ಹೇಳುವುದೂ ಇಷ್ಟೇ: ಮಗನು ನಿಜವಾಗಿಯೂ ಆ ಅಳತೆಯನ್ನು ಕಂಡುಕೊಂಡು ಬಂದ ದಿನ ಬೆಲೆಯೊಂದನ್ನೇ ನೋಡಬೇಡಿ. ಅವನು ಕೇಳುತ್ತಿರುವುದು ಆಟಿಕೆಯಲ್ಲ, ಬಹುಶಃ ಜೀವನಪರ್ಯಂತದ ಕೆಲಸದ ಉಪಕರಣ. ಬಡಗಿಗೆ ಒಳ್ಳೆಯ ಉಳಿಯನ್ನು ಕೊಡಿಸಲು ಯಾರೂ ಹಿಂಜರಿಯುವುದಿಲ್ಲವಷ್ಟೆ.

ವಾದ್ಯ ಯಾರದು ಎಂಬ ಪ್ರಶ್ನೆಗೆ ರಸೀದಿಯಲ್ಲಿರುವ ಹೆಸರು ಅರ್ಧ ಉತ್ತರ ಮಾತ್ರ. ಪೂರ್ಣ ಉತ್ತರ ತಿಳಿಯುವುದು ಅದರ ಹಲಗೆಯ ಮೇಲೆ ಬೆರಳು ಸವೆಸಿದ ಗುರುತು ಬಿದ್ದ ಮೇಲೆ. ಆ ಗುರುತು ಬೀಳುವವರೆಗೆ ನುಡಿಸುವ ತಾಳ್ಮೆ ನಮ್ಮ ಮಕ್ಕಳಿಗಿರಲಿ. ಅದನ್ನು ಕಿವಿಗೊಟ್ಟು ಕೇಳುವ ತಾಳ್ಮೆ ಹಿರಿಯರಿಗಿರಲಿ.