ಪ್ಲಾಸ್ಟಿಕ್ ಕಸ ಆಗೋದು ಚೀಲದಲ್ಲಿ

ಇಂಜೆಕ್ಷನ್ ಮೋಲ್ಡಿಂಗ್ ಚಿತ್ರವನ್ನು ಪರೀಕ್ಷೆಗೆ ನಾವೆಲ್ಲ ಬರೆದಿದ್ದೀವಿ. ಅದರಲ್ಲಿ ಸ್ಪ್ರೂ, ರನ್ನರ್ ಅಂತ ಗುರುತಿಸಿ ಅಂಕಾನೂ ತಗೊಂಡಿದ್ದೀವಿ. ಆದರೆ ವಸ್ತು ಅಚ್ಚಿನಿಂದ ಹೊರಬಂದ ಮೇಲೆ ಮುರಿದು ತೆಗೆಯುವ ಆ ಕಡ್ಡಿಗಳು ಎಲ್ಲಿಗೆ ಹೋಗುತ್ತವೆ?

ನಿಜ ಹೇಳಬೇಕಂದ್ರೆ, ಮರುಬಳಕೆಗೆ ಇದಕ್ಕಿಂತ ಒಳ್ಳೆ ಪ್ಲಾಸ್ಟಿಕ್ ಸಿಗೋದು ಕಷ್ಟ. ಮನೆಕಸದ ಹಾಗೆ ಸಾರಿನ ಜಿಡ್ಡಿಲ್ಲ, ಮಣ್ಣಿಲ್ಲ. ಯಾವ ಪಾಲಿಮರ್, ಯಾವ ಗ್ರೇಡ್ ಅಂತ ಮೆಷಿನ್ ಮುಂದೆ ನಿಂತವರಿಗೆ ಗೊತ್ತಿರುತ್ತೆ. ಗ್ರೈಂಡರಿನಲ್ಲಿ ಚೂರು ಮಾಡಿ ಹೊಸ ಹರಳುಗಳ ಜೊತೆ ಬೆರೆಸಿದರೆ ಮತ್ತೆ ಅಚ್ಚಿಗೆ ಸಿದ್ಧ. ಪ್ರತಿ ಸಲ ಕರಗಿದಾಗಲೂ ಪಾಲಿಮರ್ ಸರಪಳಿಗಳು ಒಂದಿಷ್ಟು ತುಂಡಾಗುವುದರಿಂದ ಪೂರ್ತಿ ಹಳೆಯದನ್ನೇ ಹಾಕಲ್ಲ, ಅಷ್ಟೇ.

ಎಡವಟ್ಟಾಗೋದು ಮೆಷಿನ್ ಪಕ್ಕದ ಚೀಲದಲ್ಲಿ. ಪ್ಯಾಕಿಂಗಿಗೆ ಬಳಸುವ ಪಾರದರ್ಶಕ ಹಾಳೆಗಳನ್ನೇ ತಗೊಳ್ಳಿ. ಕೆಲವು ಪೆಟ್, ಕೆಲವು ಪಿವಿಸಿ. ಕಣ್ಣಿಗೆ ಎರಡೂ ಒಂದೇ. ಇವುಗಳ ಅಂಚುಗಳು ಒಂದೇ ಚೀಲಕ್ಕೆ ಬಿದ್ದವು ಅನ್ನಿ. ಪೆಟ್ ಕರಗೋದು ಸುಮಾರು 250-260 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಷ್ಟು ಶಾಖವನ್ನು ಪಿವಿಸಿ ತಡೆಯಲ್ಲ, ಹೈಡ್ರೋಜನ್ ಕ್ಲೋರೈಡ್ ಬಿಡುತ್ತೆ. ಆ ಆಮ್ಲ ಪೆಟ್‌ನ ಸರಪಳಿಗಳನ್ನು ಕತ್ತರಿಸುತ್ತೆ, ಮೆಷಿನ್ನಿನ ಸ್ಕ್ರೂ ಮತ್ತು ಬ್ಯಾರೆಲ್ಲನ್ನೂ ತಿನ್ನುತ್ತೆ.

ನೀರಿಗೆ ಹಾಕಿ ಬೇರ್ಪಡಿಸಬಹುದಲ್ವಾ ಅಂತೀರಾ? ಪಾಲಿಎಥಿಲೀನ್, ಪಾಲಿಪ್ರೊಪಿಲೀನ್ ತೇಲುತ್ತವೆ, ಸರಿ. ಪೆಟ್ ಸಾಂದ್ರತೆ ಸುಮಾರು 1.38, ಪಿವಿಸಿಯದ್ದೂ ಅದರ ಆಸುಪಾಸೇ. ಎರಡೂ ಮುಳುಗುತ್ತವೆ. ಸಾಲದ್ದಕ್ಕೆ, 30% ಗಾಜಿನ ನಾರು ಸೇರಿಸಿದ ಪಾಲಿಪ್ರೊಪಿಲೀನ್ ಕೂಡ ಮುಳುಗಿ ಇವುಗಳ ಜೊತೆ ಕೂತುಬಿಡುತ್ತೆ!

ಬೇಕಲೈಟ್ ಕಥೆ ಬೇರೆ. ಹುಯ್ದ ದೋಸೆ ಮತ್ತೆ ಹಿಟ್ಟಾಗುತ್ತಾ? ಅಡ್ಡ ಬಂಧಗಳು ಕೂಡಿದ ಥರ್ಮೋಸೆಟ್ಟೂ ಹಾಗೇ, ಕರಗೋದೇ ಇಲ್ಲ. ಪುಡಿ ಮಾಡಿ ಫಿಲ್ಲರ್ ಆಗಿ ಬಳಸಬಹುದು.

ಬೇರೆ ಬೇರೆ ಇದ್ದಾಗ ಗುಜರಿಯವರು ದುಡ್ಡು ಕೊಟ್ಟು ಒಯ್ಯುವ ಮಾಲು, ಬೆರೆತ ಮೇಲೆ ಯಾರಿಗೂ ಬೇಡ. ಕೊನೆಗೆ ಊರಾಚೆಯ ಗುಂಡಿ. ಕಸ ಸುರಿಯುವ ಜಾಗದ ಪಕ್ಕ ಬದುಕೋದು ಏನು ಅಂತ ಬೆಂಗಳೂರು ಹೊರವಲಯದ ಮಂಡೂರಿನವರನ್ನು ಕೇಳಬೇಕು. 2014ರಲ್ಲಿ ಅವರು ಬೀದಿಗಿಳಿದು ಹೋರಾಡಿದ್ದು ಅದಕ್ಕೇ.

ಬೆರೆತದ್ದಕ್ಕೂ ದಾರಿಗಳಿವೆ. ಸಿಮೆಂಟ್ ಗೂಡಿನಲ್ಲಿ ಕಲ್ಲಿದ್ದಲಿನ ಜೊತೆ ಉರಿಸುತ್ತಾರೆ. ಮಧುರೈನ ಪ್ರೊ. ಆರ್. ವಾಸುದೇವನ್ ರೂಪಿಸಿದ ವಿಧಾನದಲ್ಲಿ ಬಿಸಿ ಜಲ್ಲಿಗೆ ಪ್ಲಾಸ್ಟಿಕ್ ಚೂರು ಲೇಪಿಸಿ, ಆಮೇಲೆ ಡಾಂಬರು ಬೆರೆಸಿ ರಸ್ತೆ ಹಾಕುತ್ತಾರೆ. ಆದರೆ ಅಲ್ಲೂ ಪಿವಿಸಿಗೆ ಪ್ರವೇಶವಿಲ್ಲ, ಆರಿಸಿ ತೆಗೀಲೇಬೇಕು.

ಇಂಟರ್ನ್‌ಶಿಪ್‌ಗೆ ಪೀಣ್ಯದ ಕಡೆ ಹೊರಟಿರೋರು ಮೆಷಿನ್ ನೋಡೋದರ ಜೊತೆಗೆ, ಅದರ ಪಕ್ಕ ಎಷ್ಟು ಚೀಲ ಇಟ್ಟಿದ್ದಾರೆ, ಮೇಲೆ ಹೆಸರು ಬರೆದಿದ್ದಾರಾ ಅಂತಾನೂ ನೋಡ್ಕೊಂಡು ಬನ್ನಿ.