ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ: ಡೀಸೆಲ್ ತೆರಿಗೆ, ಪಕ್ಷಗಳ ವಾದ ಮತ್ತು ನಮ್ಮ ಬಾಡಿಗೆ ಲೆಕ್ಕ

ವಾಡಿ ಜಂಕ್ಷನ್ನಿನ ಸುತ್ತಲಿನ ನಮ್ಮ ಭಾಗದಲ್ಲಿ ಸಿದ್ಧವಾಗುವ ಸರಕು ಬಹುಮಟ್ಟಿಗೆ ಭಾರದ ಸರಕು. ಶಹಾಬಾದ್ ಮತ್ತು ಚಿತ್ತಾಪುರದ ಫರಸಿ ಕಲ್ಲು, ವಾಡಿ, ಸೇಡಂ ಹಾಗೂ ಮಳಖೇಡದ ಸಿಮೆಂಟು, ಚಿಂಚೋಳಿಯ ಹೊಲಗಳ ತೊಗರಿ, ಇವು ಯಾವುವೂ ಕೈಚೀಲದಲ್ಲಿ ಸಾಗುವ ವಸ್ತುಗಳಲ್ಲ. ಅದರಲ್ಲೂ ಫರಸಿ ಕಲ್ಲಿಗೆ ಬೆಲೆ ಕಡಿಮೆ, ತೂಕ ಹೆಚ್ಚು. ಕೊಳ್ಳುವವನ ಅಂಗಳದಲ್ಲಿ ಅದರ ದರವನ್ನು ನಿರ್ಧರಿಸುವುದರಲ್ಲಿ ಖಣಿಯ ಖರ್ಚಿನಷ್ಟೇ ಲಾರಿ ಬಾಡಿಗೆಯ ಪಾತ್ರವೂ ದೊಡ್ಡದು. ಆದುದರಿಂದ ರಾಜ್ಯ ಸರ್ಕಾರವು ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಏರಿಸಿದಾಗ ನಮ್ಮ ಸದಸ್ಯರ ಲೆಕ್ಕದ ಪುಸ್ತಕ ಅದನ್ನು ಬಹುಬೇಗ ಅನುಭವಿಸುತ್ತದೆ.

2024ರ ಜೂನ್ 15ರಂದು ರಾಜ್ಯ ಸರ್ಕಾರವು ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೂ, ಡೀಸೆಲ್ ಮೇಲಿನ ತೆರಿಗೆಯನ್ನು ಶೇ. 14.34ರಿಂದ 18.44ಕ್ಕೂ ಏರಿಸಿತು. ಲೋಕಸಭಾ ಚುನಾವಣೆಯ ಫಲಿತಾಂಶ ಪ್ರಕಟವಾಗಿ ಆಗಿನ್ನೂ ಎರಡು ವಾರವೂ ಕಳೆದಿರಲಿಲ್ಲ. ಮುಂದೆ 2025ರ ಏಪ್ರಿಲ್ 1ರಿಂದ ಡೀಸೆಲ್ ತೆರಿಗೆ ಶೇ. 21.17ಕ್ಕೆ ಏರಿತು. ಎರಡೂ ಸಂದರ್ಭಗಳಲ್ಲಿ ಊರೂರುಗಳಲ್ಲಿ ಚರ್ಚೆ ನಡೆಯಿತು, ಮೆರವಣಿಗೆ ಹೊರಟಿತು, ಹೇಳಿಕೆಗಳು ಬಂದವು. ಆ ಗದ್ದಲದಲ್ಲಿ ವ್ಯಾಪಾರಸ್ಥನು ಕೇಳಬೇಕಾಗಿದ್ದ ಪ್ರಶ್ನೆಗಳು ಮಾತ್ರ ಹಿಂದೆ ಉಳಿದವು. ಅವನ್ನು ಮುಂದಕ್ಕೆ ತರುವುದೇ ಈ ಲೇಖನದ ಉದ್ದೇಶ.

ಎರಡು ಕಡೆಯ ವಾದ

ಸರ್ಕಾರದ ಸಮರ್ಥನೆ ಸ್ಥೂಲವಾಗಿ ಮೂರು ಅಂಶಗಳ ಮೇಲೆ ನಿಂತಿತ್ತು. ಏರಿಕೆಯ ನಂತರವೂ ನಮ್ಮ ರಾಜ್ಯದ ಡೀಸೆಲ್ ದರ ನೆರೆಯ ಹಲವು ರಾಜ್ಯಗಳಿಗಿಂತ ಕಡಿಮೆ ಎಂಬುದು ಮೊದಲನೆಯದು. ಕೇಂದ್ರವು ಇಂಧನದ ಮೇಲೆ ವಿಧಿಸುವ ಸುಂಕದ ಬಹುಭಾಗ ಸೆಸ್ ರೂಪದಲ್ಲಿರುವುದರಿಂದ ಅದರಲ್ಲಿ ರಾಜ್ಯಕ್ಕೆ ಪಾಲು ದೊರೆಯುವುದಿಲ್ಲ ಎಂಬುದು ಎರಡನೆಯದು. ಹದಿನೈದನೆಯ ಹಣಕಾಸು ಆಯೋಗವು ಕೇಂದ್ರ ತೆರಿಗೆಗಳಲ್ಲಿ ಕರ್ನಾಟಕದ ಪಾಲನ್ನು ಶೇ. 4.713ರಿಂದ 3.647ಕ್ಕೆ ಇಳಿಸಿತು ಎಂಬುದು ಮೂರನೆಯದು.

ವಿರೋಧ ಪಕ್ಷದ ಆಕ್ಷೇಪವೂ ಅಷ್ಟೇ ಸ್ಪಷ್ಟವಾಗಿತ್ತು. ಐದು ಗ್ಯಾರಂಟಿ ಯೋಜನೆಗಳಿಗೆ 2024-25ರ ಆಯವ್ಯಯದಲ್ಲಿ ಸುಮಾರು 52 ಸಾವಿರ ಕೋಟಿ ರೂಪಾಯಿ ತೆಗೆದಿರಿಸಿದ ಸರ್ಕಾರ, ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕಸಿಯುತ್ತಿದೆ ಎಂದು ಭಾರತೀಯ ಜನತಾ ಪಕ್ಷ ರಾಜ್ಯಾದ್ಯಂತ ಪ್ರತಿಭಟಿಸಿತು. 2025ರ ಏಪ್ರಿಲ್ ಮಧ್ಯಭಾಗದಲ್ಲಿ ಲಾರಿ ಮಾಲೀಕರ ಒಕ್ಕೂಟವೂ ಡೀಸೆಲ್ ದರ ಮತ್ತು ಟೋಲ್ ವಿಷಯಗಳನ್ನು ಮುಂದಿಟ್ಟು ಮುಷ್ಕರಕ್ಕೆ ಇಳಿಯಿತು.

ಸಾರ್ವಜನಿಕ ಅಭಿಪ್ರಾಯವು ಈ ಎರಡು ಪಕ್ಷಗಳ ನಡುವೆ ನೇರವಾಗಿ ಸೀಳಿಕೊಂಡಿತೆಂದು ಹೇಳಲಾಗದು. ಒಂದೇ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಎರಡೂ ಮಾತು ಕೇಳುತ್ತವೆ. ಬಾಡಿಗೆ ಏರಿತೆಂದು ಬೇಸರಪಡುವ ಕಿರಾಣಿ ವರ್ತಕನಿಗೆ, ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಜಮೆಯಾದ ವಾರದಲ್ಲಿ ಬರುವ ಗಿರಾಕಿಯೂ ಬೇಕು. ಉತ್ತಮ ರಸ್ತೆ ಬೇಕೆಂದು ಮನವಿ ಕೊಡುವ ಪಾಲಿಶ್ ಘಟಕದ ಮಾಲೀಕನೇ ತೆರಿಗೆ ಇಳಿಯಬೇಕೆಂದೂ ಕೇಳುತ್ತಾನೆ. ಇದರಲ್ಲಿ ಕಪಟವೇನಿಲ್ಲ, ಆದರೆ ನಮ್ಮ ಬೇಡಿಕೆಗಳಲ್ಲಿಯೇ ಇರುವ ಈ ಎಳೆದಾಟವನ್ನು ನಾವು ಮೊದಲು ಒಪ್ಪಿಕೊಳ್ಳಬೇಕು.

ಏಳು ವರ್ಷದ ಏರಿಳಿತ

ಈ ವಾದವಿವಾದವನ್ನು ಒಂದು ವರ್ಷದ ಘಟನೆಯಾಗಿ ನೋಡದೆ ಏಳು ವರ್ಷಗಳ ಸಾಲಿನಲ್ಲಿ ಇಟ್ಟು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. 2018ರ ಜುಲೈ ಆಯವ್ಯಯದಲ್ಲಿ, ರೈತರ ಸಾಲಮನ್ನಾದ ಹೊರೆ ಎದುರಿದ್ದಾಗ, ಜೆಡಿಎಸ್-ಕಾಂಗ್ರೆಸ್ ಮೈತ್ರಿ ಸರ್ಕಾರದ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರು ಡೀಸೆಲ್ ತೆರಿಗೆಯನ್ನು ಶೇ. 19ರಿಂದ 21ಕ್ಕೆ ಏರಿಸಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅದು ಶೇ. 17.73ಕ್ಕೆ ಇಳಿಯಿತು, 2019ರ ಜನವರಿಯಲ್ಲಿ ಮತ್ತೆ 21ಕ್ಕೆ ಏರಿತು. 2020ರ ಆಯವ್ಯಯದಲ್ಲಿ ಬಿ.ಎಸ್. ಯಡಿಯೂರಪ್ಪನವರ ಬಿಜೆಪಿ ಸರ್ಕಾರ ಅದನ್ನು ಶೇ. 24ಕ್ಕೆ ಒಯ್ದಿತು. 2021ರ ಜೂನ್ ತಿಂಗಳಲ್ಲಿ ಪೆಟ್ರೋಲ್ ಬೆಲೆ ನೂರು ದಾಟಿದಾಗ ಕಾಂಗ್ರೆಸ್ ಪಕ್ಷವು ಪೆಟ್ರೋಲ್ ಬಂಕುಗಳ ಮುಂದೆ ‘ನೂರು ನಾಟೌಟ್’ ಎಂಬ ಪ್ರತಿಭಟನೆ ನಡೆಸಿತು. ಅದೇ ವರ್ಷದ ನವೆಂಬರಿನಲ್ಲಿ, ಕೇಂದ್ರವು ಅಬಕಾರಿ ಸುಂಕ ಇಳಿಸಿದ ಬೆನ್ನಿಗೆ, ಬಸವರಾಜ ಬೊಮ್ಮಾಯಿಯವರ ಸರ್ಕಾರ ಲೀಟರಿಗೆ 7 ರೂಪಾಯಿ ಇಳಿಯುವಂತೆ ತೆರಿಗೆಯನ್ನು ಕಡಿಮೆ ಮಾಡಿತು. ಆಗ ಡೀಸೆಲ್ ದರ ಶೇ. 14.34ಕ್ಕೆ ಬಂದು ನಿಂತಿತು. ಅಲ್ಲಿಂದ ಸಿದ್ದರಾಮಯ್ಯನವರ ಸರ್ಕಾರ ಎರಡು ಹೆಜ್ಜೆಗಳಲ್ಲಿ ಅದನ್ನು ಶೇ. 21.17ಕ್ಕೆ ತಂದಿತು.

ಸದಸ್ಯರು ಈ ಅಂಕಿಗಳನ್ನು ಇನ್ನೊಮ್ಮೆ ಗಮನಿಸಬೇಕು. 2018ರ ಜುಲೈಯಲ್ಲಿ ಶೇ. 21. 2025ರ ಏಪ್ರಿಲಿನಲ್ಲಿ ಶೇ. 21.17. ಮೂರು ಪಕ್ಷಗಳು ಅಧಿಕಾರದಲ್ಲಿ ಪಾಲು ಪಡೆದವು. ಅವು ಏರಿಸಿದವು, ಇಳಿಸಿದವು, ಬೀದಿಗಿಳಿದವು. ಕೊನೆಗೆ ದರವು ಹೊರಟ ಜಾಗಕ್ಕೇ ಬಂದು ನಿಂತಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆ ಇದಕ್ಕಿಂತ ಚೆನ್ನಾಗಿ ಎಲ್ಲಿ ಹೊಂದೀತು? ಅಧಿಕಾರದಲ್ಲಿರುವವರಿಗೆ ಬೊಕ್ಕಸದ ಚಿಂತೆ, ಹೊರಗಿರುವವರಿಗೆ ಜನಸಾಮಾನ್ಯರ ಚಿಂತೆ. ಕುರ್ಚಿ ಬದಲಾದೊಡನೆ ಚಿಂತೆಗಳೂ ಬದಲಾಗುತ್ತವೆ.

ಹಿರಿಯ ಸದಸ್ಯರಿಗೆ ಇದು ಹೊಸದಲ್ಲ. ವ್ಯಾಟ್ ಸಿದ್ಧತೆಗಳು ಕೇಂದ್ರದಲ್ಲಿ ಎನ್‌ಡಿಎ ಆಡಳಿತವಿದ್ದಾಗಲೂ ಸಾಗಿದ್ದವು. ಆದರೆ 2005ರ ಏಪ್ರಿಲ್ 1ರಂದು ಅದು ಜಾರಿಗೆ ಬಂದಾಗ ಬಿಜೆಪಿ ಆಡಳಿತದ ರಾಜ್ಯಗಳು ಹೊರಗುಳಿದವು, ಮರುವರ್ಷ ಒಳಬಂದವು. ಕರ್ನಾಟಕದಲ್ಲಿ ನಮ್ಮದೇ ಜಿಲ್ಲೆಯ ಎನ್. ಧರ್ಮಸಿಂಗ್ ಅವರು ಮುಖ್ಯಮಂತ್ರಿಯಾಗಿದ್ದಾಗ ವ್ಯಾಟ್ ಆರಂಭವಾಯಿತು. ಅಂದು ಶೇ. 12.5 ಇದ್ದ ಸಾಮಾನ್ಯ ದರ, 2017ರಲ್ಲಿ ಜಿಎಸ್‌ಟಿ ಬರುವ ಹೊತ್ತಿಗೆ ಶೇ. 14.5 ಆಗಿತ್ತು. ಬಿಜೆಪಿ ಆಡಳಿತದಲ್ಲಿ ಏರಿದ ದರವನ್ನು ಅನಂತರದ ಕಾಂಗ್ರೆಸ್ ಆಡಳಿತ ಹಾಗೆಯೇ ಮುಂದುವರಿಸಿತು.

ಏರಿಕೆ ಡೀಸೆಲ್ ಮೇಲೆಯೇ ಏಕೆ?

ಇದಕ್ಕೆ ಕಾರಣ ವ್ಯವಸ್ಥೆಯಲ್ಲಿಯೇ ಇದೆ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ನಂತರ ಹೆಚ್ಚಿನ ಸರಕುಗಳ ದರವನ್ನು ರಾಜ್ಯವು ತಾನೊಂದೇ ಬದಲಾಯಿಸಲಾರದು. ಅದು ಮಂಡಳಿಯ ತೀರ್ಮಾನಕ್ಕೆ ಸೇರಿದ್ದು. ರಾಜ್ಯದ ಕೈಯಲ್ಲಿ ಉಳಿದ ಮುಖ್ಯ ಬಾಬತ್ತುಗಳೆಂದರೆ ಪೆಟ್ರೋಲ್-ಡೀಸೆಲ್, ಮದ್ಯ, ಮುದ್ರಾಂಕ ಮತ್ತು ನೋಂದಣಿ, ವಾಹನ ತೆರಿಗೆ. ಬಾವಿ ಒಂದೆರಡೇ ಇದ್ದರೆ ಎಲ್ಲ ಹಗ್ಗಗಳೂ ಅಲ್ಲಿಯೇ ಇಳಿಯುತ್ತವೆ. 2025ರ ಆಗಸ್ಟ್ 31ರಿಂದ ಆಸ್ತಿ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿದ್ದೂ ಇದೇ ಕಾರಣದಿಂದ ಅರ್ಥವಾಗುತ್ತದೆ.

ವ್ಯಾಪಾರಸ್ಥನಿಗೆ ಮುಖ್ಯವಾದ ಮಾತು ಮುಂದಿನದು. ಜಿಎಸ್‌ಟಿಯಲ್ಲಿ ಕೊಂಡ ಸರಕಿನ ಮೇಲೆ ತೆತ್ತ ತೆರಿಗೆಯನ್ನು ಮಾರಿದ ಸರಕಿನ ತೆರಿಗೆಯಿಂದ ಕಳೆದುಕೊಳ್ಳಬಹುದು. ಡೀಸೆಲ್ ತೆರಿಗೆಗೆ ಈ ಇನ್‌ಪುಟ್ ಕ್ರೆಡಿಟ್ ಇಲ್ಲ. ಖಣಿಯ ಯಂತ್ರಕ್ಕೆ, ವಿದ್ಯುತ್ ಹೋದಾಗ ಓಡುವ ಜನರೇಟರಿಗೆ, ಸಾಗಿಸುವ ಲಾರಿಗೆ ಹಾಕಿದ ಡೀಸೆಲ್ಲಿನ ತೆರಿಗೆ ಸರಕಿನ ಅಸಲಿನಲ್ಲಿ ಸೇರಿಕೊಳ್ಳುತ್ತದೆ. ಆ ಅಸಲಿನ ಮೇಲೆ ಮತ್ತೆ ಜಿಎಸ್‌ಟಿ ಬೀಳುತ್ತದೆ. ಅಂದರೆ ತೆರಿಗೆಯ ಮೇಲೆ ತೆರಿಗೆ.

ಒಂದು ಉದಾಹರಣೆಯ ಲೆಕ್ಕ ಮಾಡೋಣ. ಶಹಾಬಾದಿನಿಂದ ಸುಮಾರು 600 ಕಿ.ಮೀ. ದೂರದ ಊರಿಗೆ 20 ಟನ್ ಫರಸಿ ಹೊತ್ತ ಲಾರಿಯು ಲೀಟರಿಗೆ 4 ಕಿ.ಮೀ. ಓಡಿದರೆ 150 ಲೀಟರ್ ಡೀಸೆಲ್ ಬೇಕು. 2024 ಮತ್ತು 2025ರ ಎರಡು ಏರಿಕೆಗಳನ್ನು ಕೂಡಿಸಿ ಲೀಟರಿಗೆ 5 ರೂಪಾಯಿ ಎಂದಿಟ್ಟುಕೊಂಡರೆ ಹೋಗುವ ದಾರಿಗೆ ಹೆಚ್ಚುವರಿ ಖರ್ಚು 750 ರೂಪಾಯಿ, ಟನ್ನಿಗೆ 37 ರೂಪಾಯಿ 50 ಪೈಸೆ. ಲಾರಿ ಖಾಲಿ ಮರಳಿದರೆ ಅದರ ಸುಮಾರು ಎರಡರಷ್ಟು. ದೊಡ್ಡ ಕಾರ್ಖಾನೆ ಇದನ್ನು ರೈಲು ಸಾಗಣೆಯಿಂದ ತಕ್ಕಮಟ್ಟಿಗೆ ತಪ್ಪಿಸಿಕೊಳ್ಳಬಹುದು. ಒಂದೆರಡು ಯಂತ್ರಗಳ ಪಾಲಿಶ್ ಘಟಕಕ್ಕೆ ಆ ಅನುಕೂಲವಿಲ್ಲ.

ಗಡಿಯ ವಿಷಯವನ್ನೂ ನ್ಯಾಯವಾಗಿ ಹೇಳಬೇಕು. ಸೇಡಂ, ಚಿಂಚೋಳಿಗಳ ಆಚೆ ತೆಲಂಗಾಣದ ತಾಂಡೂರಿನಲ್ಲಿಯೂ ಇಂಥದೇ ಕಲ್ಲಿನ ಉದ್ಯಮವಿದೆ. ನಮ್ಮಲ್ಲಿ 2024ರ ಏರಿಕೆಯಾದಾಗ ತೆಲಂಗಾಣದ ಡೀಸೆಲ್ ತೆರಿಗೆ ಶೇ. 27 ಇತ್ತು. ನೆರೆರಾಜ್ಯಕ್ಕಿಂತ ನಮ್ಮದು ಕಡಿಮೆ ಎಂಬ ಸರ್ಕಾರದ ಮಾತು ನಮ್ಮ ಗಡಿಯ ಮಟ್ಟಿಗೆ ಸುಳ್ಳಲ್ಲ. ಆದರೆ ಶೇ. 14.34 ಮತ್ತು 27ರ ನಡುವಿನ ಅಂತರ ಶೇ. 21.17ಕ್ಕೆ ಬಂದಾಗ ಅರ್ಧಕ್ಕಿಂತ ಕಡಿಮೆಯಾಯಿತು. ಪೈಪೋಟಿಯಲ್ಲಿ ನಮಗಿದ್ದ ಒಂದು ಅನುಕೂಲ ಸವೆಯಿತು ಎಂಬುದೂ ಅಷ್ಟೇ ನಿಜ.

ಲಖನೌದಲ್ಲಿ ಒಮ್ಮತ

ಪರಿಹಾರ ಸಂವಿಧಾನದಲ್ಲಿಯೇ ಇದೆ. ಪೆಟ್ರೋಲಿಯಂ ಉತ್ಪನ್ನಗಳ ಮೇಲೆ ಯಾವ ದಿನಾಂಕದಿಂದ ಜಿಎಸ್‌ಟಿ ವಿಧಿಸಬೇಕೆಂಬುದನ್ನು ಮಂಡಳಿಯು ಶಿಫಾರಸು ಮಾಡಬೇಕೆಂದು 279ಎ ವಿಧಿ ಹೇಳುತ್ತದೆ. 2021ರ ಸೆಪ್ಟೆಂಬರ್ 17ರಂದು ಲಖನೌದಲ್ಲಿ ಸೇರಿದ ಮಂಡಳಿಯ 45ನೆಯ ಸಭೆಯಲ್ಲಿ ಈ ವಿಷಯ ಬಂದಾಗ, ಇದು ಅದಕ್ಕೆ ಸಮಯವಲ್ಲ ಎಂಬ ತೀರ್ಮಾನವಾಯಿತು. ಬಂಕಿನ ಮುಂದೆ ಕಚ್ಚಾಡುವ ಪಕ್ಷಗಳು ಸಭೆಯ ಮೇಜಿನ ಮುಂದೆ ಒಂದಾಗಿದ್ದವು. ಯಾವ ಬಣ್ಣದ ಸರ್ಕಾರವೂ ಈ ಆದಾಯ ಬಿಡಲು ಸಿದ್ಧವಿರಲಿಲ್ಲ.

ಒಪ್ಪಂದ ಅಸಾಧ್ಯವೇನಲ್ಲ. 2025ರ ಸೆಪ್ಟೆಂಬರ್ 3ರಂದು ಅದೇ ಮಂಡಳಿ ಸಿಮೆಂಟಿನ ಮೇಲಿನ ತೆರಿಗೆಯನ್ನು ಶೇ. 28ರಿಂದ 18ಕ್ಕೆ ಇಳಿಸಲು ನಿರ್ಧರಿಸಿತು. ಸೆಪ್ಟೆಂಬರ್ 22ರಿಂದ ಅದು ಜಾರಿಗೆ ಬಂತು. ಸಿಮೆಂಟಿನ ಊರುಗಳಾದ ವಾಡಿ, ಸೇಡಂಗಳಿಗೆ ಇದು ಸಣ್ಣ ಸಂಗತಿಯಲ್ಲ.

ಇನ್ನೊಂದು ಕಡೆಯಿಂದ ಹೊಸ ಹೊರೆಯ ಸಾಧ್ಯತೆಯೂ ಇದೆ. ಖನಿಜ ಹಕ್ಕುಗಳ ಮೇಲೆ ತೆರಿಗೆ ವಿಧಿಸುವ ಅಧಿಕಾರ ರಾಜ್ಯಗಳಿಗಿದೆ, ರಾಜಧನವು ತೆರಿಗೆಯಲ್ಲ ಎಂದು 2024ರ ಜುಲೈ 25ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 8:1ರ ಬಹುಮತದಿಂದ ತೀರ್ಪಿತ್ತಿತು. ಭಿನ್ನಮತ ಬರೆದವರು ಕನ್ನಡದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು. ಆ ವರ್ಷದ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ರಾಜ್ಯವು ಖನಿಜ ಹಕ್ಕುಗಳು ಮತ್ತು ಖನಿಜವಿರುವ ಭೂಮಿಯ ಮೇಲಿನ ತೆರಿಗೆಗೆ ಮಸೂದೆ ಅಂಗೀಕರಿಸಿತು. ಅಂಕಿತ ಬೀಳದೆ ಮಸೂದೆ ಕಾನೂನಾಗುವುದಿಲ್ಲ. ಆದರೂ ಸುಣ್ಣದ ಕಲ್ಲಿನ ಮೇಲೆಯೇ ಬದುಕು ಕಟ್ಟಿಕೊಂಡ ನಮ್ಮ ಪ್ರದೇಶವು ಈ ದಿಕ್ಕಿನ ಚಲನೆಯನ್ನು ನೋಡುತ್ತಿರಬೇಕು.

ನಾವು ಕೇಳಬೇಕಾದ ಮೂರು ಮಾತು

ತೆರಿಗೆಯೇ ಬೇಡವೆಂದು ಕೇಳುವುದು ನಮಗೆ ಶೋಭಿಸದು. ರಸ್ತೆ, ನೀರು, ವಿದ್ಯುತ್ತು, ಶಾಲೆ ಯಾವುದೂ ಪುಕ್ಕಟೆ ಬರುವುದಿಲ್ಲ. ಏರಿಕೆಯಾದಾಗ ಒಂದು ಪಕ್ಷದ ಧ್ವಜದ ಹಿಂದೆ, ಇಳಿಕೆಯಾದಾಗ ಇನ್ನೊಂದರ ಹಿಂದೆ ನಿಂತರೆ ನಮ್ಮ ಮಾತಿಗೆ ತೂಕವಿರುವುದಿಲ್ಲ. ಯಾವ ಸರ್ಕಾರವಿದ್ದರೂ ಬದಲಾಗದ ಮೂರು ಬೇಡಿಕೆಗಳನ್ನು ನಮ್ಮ ಸಂಸ್ಥೆಗಳು ಮುಂದಿಡಬೇಕು.

ಮೊದಲನೆಯದು, ಮುನ್ಸೂಚನೆ. 2018ರ ಜುಲೈ ಮತ್ತು 2020ರ ಏರಿಕೆಗಳು ಆಯವ್ಯಯದಲ್ಲಿ ಪ್ರಕಟವಾಗಿ ಸದನದಲ್ಲಿ ಚರ್ಚೆಗೆ ಒಳಗಾದವು. 2019ರ ಜನವರಿ ಮತ್ತು 2024ರ ಜೂನ್ ತಿಂಗಳ ಏರಿಕೆಗಳು ಆಯವ್ಯಯದ ಹೊರಗೆ ಆದೇಶದ ಮೂಲಕ ಬಂದವು. ಮೂರು ತಿಂಗಳ ಸರಬರಾಜಿಗೆ ದರ ಒಪ್ಪಿಕೊಂಡಿರುವ ಸಣ್ಣ ಉದ್ಯಮಿಗೆ ರಾತ್ರೋರಾತ್ರಿಯ ಆದೇಶವೆಂದರೆ ನೇರ ನಷ್ಟ. ಏರಿಸುವುದಾದರೆ ಆಯವ್ಯಯದಲ್ಲಿ ಏರಿಸಲಿ, ವರ್ಷಕ್ಕೊಮ್ಮೆ ಏರಿಸಲಿ.

ಎರಡನೆಯದು, ಇನ್‌ಪುಟ್ ಕ್ರೆಡಿಟ್. ಡೀಸೆಲ್ ಜಿಎಸ್‌ಟಿಗೆ ಬರುವ ದಿನ ದೂರವಿರಬಹುದು. ಅಲ್ಲಿಯವರೆಗೆ ಯಂತ್ರ ಮತ್ತು ಜನರೇಟರಿಗೆ ಬಳಸುವ ಡೀಸೆಲ್ಲಿನ ತೆರಿಗೆಯ ಒಂದು ಭಾಗವನ್ನಾದರೂ ನೋಂದಾಯಿತ ಸಣ್ಣ ಘಟಕಗಳಿಗೆ ಮರಳಿಸುವ ಬಗ್ಗೆ ರಾಜ್ಯ ಯೋಚಿಸಬಹುದು.

ಮೂರನೆಯದು, ಲೆಕ್ಕ. 371ಜೆ ವಿಧಿಯ ಅಡಿಯ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ನಂತರ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗುತ್ತ ಬಂದಿದೆ. 2015ರ ನಂತರ ಖನಿಜ ಗುತ್ತಿಗೆದಾರರು ರಾಜಧನದ ಮೇಲೆ ಹೆಚ್ಚುವರಿ ವಂತಿಗೆಯನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕಟ್ಟುತ್ತಿದ್ದಾರೆ. ಈ ಹಣದಲ್ಲಿ ಚಿತ್ತಾಪುರ, ಸೇಡಂ, ಚಿಂಚೋಳಿ, ಶಹಾಬಾದ್ ತಾಲ್ಲೂಕುಗಳ ಯಾವ ರಸ್ತೆಗೆ ಎಷ್ಟು ಬಂತು, ಕಾಮಗಾರಿ ಮುಗಿಯಿತೇ ಎಂಬುದನ್ನು ವರ್ಷಕ್ಕೊಮ್ಮೆ ತಾಲ್ಲೂಕುವಾರು ಪ್ರಕಟಿಸಬೇಕೆಂದು ನಾವು ಕೇಳಬೇಕು. ಪ್ರಕಟವಾದದ್ದನ್ನು ಓದುವ ಕಷ್ಟವನ್ನೂ ತೆಗೆದುಕೊಳ್ಳಬೇಕು.

ನಮ್ಮ ಅಂಗಡಿಯಲ್ಲಿ ಕೊಟ್ಟ ರೂಪಾಯಿಗೆ ರಸೀದಿ ಕೇಳುವ ಹಕ್ಕು ಗಿರಾಕಿಗೆ ಇದೆ. ತೆರಿಗೆ ಕಟ್ಟುವಾಗ ನಾವೂ ಗಿರಾಕಿಗಳೇ. ಮುಂದಿನ ಆಯವ್ಯಯಕ್ಕೆ ಮುನ್ನ ಸಲ್ಲಿಸುವ ಮನವಿಯಲ್ಲಿ ಸೇರಿಸಲು, ಸದಸ್ಯರು ತಮ್ಮ ತಮ್ಮ ಘಟಕದ ಒಂದು ವರ್ಷದ ಡೀಸೆಲ್ ಖರ್ಚು ಮತ್ತು ಬಾಡಿಗೆಯ ಅಂಕಿಗಳನ್ನು ಈಗಿನಿಂದಲೇ ಬರೆದಿಟ್ಟುಕೊಳ್ಳಬೇಕೆಂದು ವಿನಂತಿ. ಘೋಷಣೆಗೆ ಮರುಘೋಷಣೆ ಸುಲಭವಾಗಿ ಸಿಗುತ್ತದೆ. ಅಂಕಿಗೆ ಉತ್ತರ ಕೊಡಬೇಕಾದರೆ ಸರ್ಕಾರವೂ ಕಡತ ತೆರೆಯಬೇಕಾಗುತ್ತದೆ.