ನಿಮಗಿದು ಗೊತ್ತೇ? ಕಟ್ಟಡ ನಿಯಮ ಊರಿಗೆ ಬರುವ ದಾರಿ

ಭೂಕಂಪಕ್ಕೆ, ಬಿರುಗಾಳಿಗೆ ಮನೆ ತಡೆದು ನಿಲ್ಲಬೇಕಾದರೆ ಅದನ್ನು ಕಟ್ಟುವಾಗ ಜಾರಿಯಲ್ಲಿದ್ದ ನಿಯಮವೂ ಗಟ್ಟಿಯಾಗಿರಬೇಕು. ಅಮೆರಿಕದಲ್ಲಿ ಆ ನಿಯಮ ಊರೂರಿಗೆ ತಲುಪುವುದು ಹೇಗೆ?

● ಎಲ್ಲ ಖಾಸಗಿ ಕಟ್ಟಡಗಳಿಗೂ ಅನ್ವಯವಾಗುವ ಒಂದೇ ರಾಷ್ಟ್ರೀಯ ಕಟ್ಟಡ ಕಾನೂನು ಅಮೆರಿಕದಲ್ಲಿಲ್ಲ. ಅಧಿಕಾರ ರಾಜ್ಯಗಳದು, ಜಾರಿಯ ಹೊಣೆ ಹೆಚ್ಚಾಗಿ ನಗರ ಮತ್ತು ಕೌಂಟಿಗಳದು.

● ಮಾದರಿ ನಿಯಮ ಬರೆಯುವುದು ಸರ್ಕಾರವಲ್ಲ, 1994ರಲ್ಲಿ ಸ್ಥಾಪನೆಯಾದ ಇಂಟರ್‌ನ್ಯಾಷನಲ್ ಕೋಡ್ ಕೌನ್ಸಿಲ್ ಎಂಬ ಲಾಭರಹಿತ ಸಂಸ್ಥೆ. ಅದು ಮೂರು ವರ್ಷಕ್ಕೊಮ್ಮೆ ಹೊಸ ಆವೃತ್ತಿ ತರುತ್ತದೆ. ರಾಜ್ಯವೋ ನಗರವೋ ಅಂಗೀಕರಿಸುವವರೆಗೆ ಅದಕ್ಕೆ ಕಾನೂನಿನ ಬಲವಿಲ್ಲ.

● ಅಂಗೀಕರಿಸಲು ನಗರಸಭೆ ಇಡೀ ಪುಸ್ತಕವನ್ನು ಮತ್ತೆ ಬರೆಯಬೇಕಿಲ್ಲ. ಇಂಥ ವರ್ಷದ ಆವೃತ್ತಿ ಎಂದು ಹೆಸರಿಸಿ, ಸ್ಥಳೀಯ ಬದಲಾವಣೆಗಳನ್ನಷ್ಟೇ ಸೇರಿಸಿ ನಿರ್ಣಯ ಮಾಡಿದರೆ ಸಾಕು.

● 1933ರ ಮಾರ್ಚ್ 10ರಂದು ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಭೂಕಂಪದಲ್ಲಿ ಹಲವಾರು ಶಾಲೆಗಳು ಕುಸಿದವು. ಸಂಜೆಯಾಗಿದ್ದರಿಂದ ಮಕ್ಕಳು ತರಗತಿಯಲ್ಲಿರಲಿಲ್ಲ. ಒಂದೇ ತಿಂಗಳಲ್ಲಿ ಫೀಲ್ಡ್ ಕಾಯ್ದೆ ಬಂದು, ಸಾರ್ವಜನಿಕ ಶಾಲಾ ಕಟ್ಟಡಗಳ ತಪಾಸಣೆ ರಾಜ್ಯದ ಕೈಗೆ ಹೋಯಿತು. ಸ್ಥಳೀಯ ಸಂಸ್ಥೆಗಳಲ್ಲಿ ಕಟ್ಟಡ ವಿಭಾಗ ಇರಲೇಬೇಕೆಂದ ರೈಲಿ ಕಾಯ್ದೆಯೂ ಅದೇ ವರ್ಷದ್ದು.

● ಕ್ಯಾಲಿಫೋರ್ನಿಯಾದ ಕಟ್ಟಡ ಸಂಹಿತೆಯ ಹೆಸರು ‘ಟೈಟಲ್ 24’. ಇದರ 2025ರ ಆವೃತ್ತಿ ಜಾರಿಗೆ ಬಂದದ್ದು 2026ರ ಜನವರಿ 1ರಂದು. ನಗರಸಭೆ ಸುಮ್ಮನಿದ್ದರೂ ರಾಜ್ಯದ ನಿಯಮ ಆ ಊರಿಗೆ ಅನ್ವಯವಾಗುತ್ತದೆ.

● ಅಲ್ಲಿನ ನಗರಗಳು ನಿಯಮವನ್ನು ಬಿಗಿ ಮಾಡಬಹುದು, ಸಡಿಲಿಸುವಂತಿಲ್ಲ. ಬಿಗಿ ಮಾಡಲೂ ಊರಿನ ಹವಾಮಾನ, ಭೂರಚನೆ ಅಥವಾ ನೆಲದ ಏರಿಳಿತವನ್ನು ಆಧರಿಸಿ ಕಾರಣ ಬರೆದು, ರಾಜ್ಯದ ಆಯೋಗಕ್ಕೆ ಸಲ್ಲಿಸಬೇಕು.

● ಈ ಅವಕಾಶಕ್ಕೂ ಈಗ ತಡೆ ಬಿದ್ದಿದೆ. 2025ರ ಕಾನೂನೊಂದು, ವಾಸದ ಮನೆಗಳ ವಿಷಯದಲ್ಲಿ ಹೊಸ ಸ್ಥಳೀಯ ತಿದ್ದುಪಡಿಗಳನ್ನು ಕೆಲವು ವಿನಾಯಿತಿಗಳೊಡನೆ 2031ರ ಜೂನ್‌ವರೆಗೆ ನಿಲ್ಲಿಸಿದೆ.

● 1992ರ ಆಂಡ್ರ್ಯೂ ಚಂಡಮಾರುತ ದಕ್ಷಿಣ ಫ್ಲಾರಿಡಾದ ಮನೆಗಳ ಚಾವಣಿ ಹಾರಿಸಿತು. ಊರಿಗೊಂದು ನಿಯಮ, ಸಡಿಲ ತಪಾಸಣೆ ಎರಡೂ ಬಯಲಾದವು. 2002ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಸಂಹಿತೆ ಬಂತು. ಮಯಾಮಿ-ಡೇಡ್, ಬ್ರೋವರ್ಡ್ ಕೌಂಟಿಗಳಿಗೆ ಅದರಲ್ಲಿ ಇನ್ನೂ ಕಠಿಣ ನಿಯಮಗಳಿವೆ.

● ಫ್ಲಾರಿಡಾದಲ್ಲಿ ಸ್ಥಳೀಯ ತಾಂತ್ರಿಕ ತಿದ್ದುಪಡಿಗೆ ಆಯುಸ್ಸು ಮುಂದಿನ ಆವೃತ್ತಿ ಬರುವ ತನಕ ಮಾತ್ರ. ಬೇಕೆಂದರೆ ಮತ್ತೆ ಚರ್ಚಿಸಿ, ಮತ್ತೆ ಅಂಗೀಕರಿಸಬೇಕು.

● ಹೊಸ ಸಂಹಿತೆ ಬಂತೆಂದು ಹಳೆಯ ಮನೆಯನ್ನು ಒಡೆದು ಕಟ್ಟಬೇಕಿಲ್ಲ. ಸಾಮಾನ್ಯವಾಗಿ, ಪರವಾನಗಿಗೆ ಅರ್ಜಿ ಹಾಕಿದ ದಿನ ಯಾವುದು ಜಾರಿಯಲ್ಲಿತ್ತೋ ಅದೇ ಅನ್ವಯ.

● ನಮ್ಮಲ್ಲಿ? ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ ಮೊದಲು ಬಂದದ್ದು 1970ರಲ್ಲಿ. 1983, 2005, 2016ರಲ್ಲಿ ಪರಿಷ್ಕರಣೆಯಾಯಿತು. ಅದೂ ಶಿಫಾರಸು ಮಾತ್ರ. ರಾಜ್ಯದ ನಿಯಮ ಅಥವಾ ಸ್ಥಳೀಯ ಸಂಸ್ಥೆಯ ಬೈಲಾಗೆ ಸೇರಿದಾಗಲೇ ಅದಕ್ಕೆ ಬಲ.

ಬೈಲಾದ ಕರಡು ಪ್ರಕಟಿಸಿ ಸರ್ಕಾರ ಆಕ್ಷೇಪಣೆ, ಸಲಹೆ ಕರೆದಾಗ ನಾವೂ ಓದಿ ಬರೆಯೋಣ. ನಾಳೆ ಕಟ್ಟುವ ಮನೆಗಳ ಗಟ್ಟಿತನ ಅಲ್ಲಿ ತೀರ್ಮಾನವಾಗುತ್ತದೆ.